ಬಾಡಿ ಕಡೆಯವರು

ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅಕ್ಕ ದೇವರ ಗೂಡಿನ ಮುಂದೆ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಫೋನಿನ ಆ ಕಡೆಯಿಂದ ತಮ್ಮನ ಮಗ, "ಅತ್ತೆ, ಅಪ್ಪ ಹೋಗ್ಬಿಟ್ರು" ಅಂದ. ಬೀದಿಯಲ್ಲಿ ಒಂದು ಲಾರಿ ಹಾದುಹೋಯಿತು. ಗೂಡಿನ ಗಾಜಿನ ಬಾಗಿಲು ಎಂದಿನ ಹಾಗೆ ಗಡಗಡ ಅಂದಿತು. ಅವಳು ಎಂದಿನ ಹಾಗೆ ಅಂಗೈಯಿಂದ ಅದನ್ನು ಒತ್ತಿ ಸುಮ್ಮನಾಗಿಸಿದಳು. ಅಳು ಬರಲಿಲ್ಲ. ಒಲೆಯ ಮೇಲೆ ಹಾಲಿದೆ ಎಂಬುದು ನೆನಪಿಗೆ ಬಂತು. ಹಾಲು ಇಳಿಸಿ, ಮುಚ್ಚಳ ಮುಚ್ಚಿ, ಕಪಾಟಿನ ಮುಂದೆ ನಿಂತು ಯಾವ ಬಟ್ಟೆ ಉಡಲಿ ಎಂದು ಯೋಚಿಸಿದಳು. ಕೂತೆದ್ದರೆ ಸುಕ್ಕಾಗದಂಥದ್ದು ಇರಲಿ ಅಂದುಕೊಂಡಳು. ಒಡಹುಟ್ಟಿದವನು ಸತ್ತಿರುವಾಗ ಸುಕ್ಕಿನ ಯೋಚನೆ ಮಾಡುವವಳು ಎಂಥ ಹೆಂಗಸು ಎಂದು ತನ್ನನ್ನೇ ಬೈದುಕೊಂಡಳು; ಬೈದುಕೊಂಡು ಆ ಸುಕ್ಕಾಗದ ಬಟ್ಟೆಯನ್ನೇ ಉಟ್ಟಳು. ಹೊರಡುವ ಮುಂಚೆ ಕೈ ಮುಗಿದು ನಿಂತರೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ನಿನ್ನೆಯವರೆಗೂ ಬೇಡಿದ್ದನ್ನು ಇನ್ನು ಬೇಡುವಂತಿರಲಿಲ್ಲ. ಇವತ್ತು ಬೇಡಬೇಕಾದದ್ದಕ್ಕೆ ಬಾಯಿ ಏಳಲಿಲ್ಲ. "ಬಂದ್ಮೇಲೆ ಹೇಳ್ತೀನಪ್ಪಾ" ಎಂದು ದೇವರಿಗೆ ಹೇಳಿ, ಮನೆಗೆ ಬೀಗ ಹಾಕಿಕೊಂಡು ಹೊರಟಳು.

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ, ಕಬ್ಬಿಣದ ಬೆಂಚಿನ ಮೇಲೆ, ತಮ್ಮನ ಹೆಂಡತಿ ಗಂಡನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಮಗ ಗೋಡೆ ನೋಡುತ್ತಿದ್ದ. ಅಕ್ಕ ಹೋಗಿ ಇಬ್ಬರ ನಡುವೆ ಕೂತಳು. ಅವಳ ಕೈಯನ್ನು ತಮ್ಮನ ಹೆಂಡತಿ ಹಿಡಿದುಕೊಂಡಳು, ಅಥವಾ ಇವಳೇ ಅವಳ ಕೈ ಹಿಡಿದುಕೊಂಡಳು, ಯಾರದು ಮೊದಲು ಎಂದು ತಿಳಿಯಲಿಲ್ಲ. ಇನ್ನೇನು ಅಳು ಬರುತ್ತದೆ ಎನ್ನುವಷ್ಟರಲ್ಲಿ ವಾರ್ಡಿನ ಆಳು ಬಾಗಿಲಿನಿಂದ ತಲೆ ಹೊರಗೆ ಹಾಕಿ ಕೂಗಿದ.

"ಬಾಡಿ ಕಡೆಯವರು ಯಾರು?"

ಯಾರೂ ಏಳಲಿಲ್ಲ. ಆಳು ಹತ್ತಿರ ಬಂದ. "ನೀವೇ ಅಲ್ವಾ ಅಮ್ಮ? ಕಿಟಕಿ ಪಕ್ಕದ ಬೆಡ್ಡಿನ ಬಾಡಿ?"

"ಬಾಡಿ ಅಲ್ಲಪ್ಪ. ನನ್ನ ತಮ್ಮ" ಅಂದಳು ಅಕ್ಕ.

"ಅದೇ ಅಮ್ಮ. ತಮ್ಮನ ಬಾಡಿ."

"ನಿನ್ನೆ ಸಾಯಂಕಾಲ ನೀನೇ ಅವನನ್ನ 'ತಾತಾ, ಒಂದ್ಸಲ ಆ ಅನ್ನು' ಅಂತ ಮಾತ್ರೆ ನುಂಗಿಸ್ತಿದ್ದೆ. ನಾನೇ ನೋಡಿದೀನಿ."

ಆಳು ಪಾಪದವನು. ತಲೆ ಕೆರೆದುಕೊಂಡ. "ನಿನ್ನೆ ತಾತನೇ ಅಮ್ಮ. ಇವತ್ತು ಆಫೀಸಿನ ಲೆಕ್ಕಕ್ಕೆ ಹಂಗೇ ಅನ್ಬೇಕು. ನಾವೇನು ಬೇಕೂಂತ ಅಂತೀವಾ?"

ಅಕ್ಕನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಆ ಮಾತಿನ ಮೇಲೆ ಬಂತು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಒಬ್ಬ ಮನುಷ್ಯನ ಅಕ್ಕ ತಮ್ಮ, ಅಪ್ಪ ಮಗ, ಗಂಡ ಹೆಂಡತಿ ಎಂಬ ಸಂಬಂಧ, ಮೇಸ್ತ್ರಿ ಎಂಬ ಹೆಸರು, ಎಲ್ಲವನ್ನೂ ಒರೆಸಿ ಎರಡಕ್ಷರ ಬರೆದುಬಿಡುವುದೆಂದರೆ ಹೇಗೆ? ಮಣ್ಣು ಮುಚ್ಚುವ ತನಕ ನನ್ನ ತಮ್ಮನನ್ನು ಯಾರ ಬಾಯಲ್ಲೂ ಬಾಡಿ ಅನ್ನಿಸಿಕೊಳ್ಳಲು ಬಿಡುವುದಿಲ್ಲ, ಮನುಷ್ಯನಾಗಿಯೇ ಕಳಿಸುತ್ತೇನೆ ಎಂದು ಅವಳು ಆ ಕಬ್ಬಿಣದ ಬೆಂಚಿನ ಮೇಲೆ ಪಣ ತೊಟ್ಟಳು. ಪಣ ತೊಟ್ಟ ಮೇಲೆ ಬೆನ್ನು ನೆಟ್ಟಗಾಯಿತು. ಅಳುವ ಕೆಲಸವನ್ನು ಮುಂದಕ್ಕೆ ಹಾಕಲು ಒಂದು ನೆಪವೂ ಸಿಕ್ಕಿತು.

ಹಾಗೆಂದು ಆ ಮಾತು ಅವಳಿಗೆ ಹೊಸದೇನೂ ಅಲ್ಲ. ಅವಳು ಹೊಟ್ಟೆ ಹೊರೆದದ್ದೇ ಅದರಿಂದ. ಗಂಡ ಬದುಕಿದ್ದಾಗಿನಿಂದಲೂ ಹೆಣ್ಣುಮಕ್ಕಳ ಬಟ್ಟೆ ಹೊಲಿದವಳು. ಫ್ರಾಕು ಎಂದರೆ ಮೇಲೆ ಬಾಡಿ, ಕೆಳಗೆ ನೆರಿಗೆ, ಎರಡು ತೋಳು. "ಬಾಡಿ ಸ್ವಲ್ಪ ಬಿಗಿಯಾಯ್ತು ಅಕ್ಕಾ, ಬಿಟ್ಕೊಡಿ" ಎಂದು ತಾಯಂದಿರು ಬಾಗಿಲಲ್ಲಿ ನಿಂತು ಕೇಳಿದರೆ ಅವಳಿಗೆ ಯಾವ ಸಂಕಟವೂ ಆಗುತ್ತಿರಲಿಲ್ಲ. ತಮ್ಮನದು ಊರ ಹೊರಗಿನ ಶೆಡ್ಡಿನಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಕೆಲಸ. ಕಂಪನಿಯಿಂದ ಬರುವಾಗ ಬಸ್ಸಿಗೆ ನಾಲ್ಕು ಗಾಲಿ, ಒಂದು ಎಂಜಿನ್ನು, ಒಂದು ಸ್ಟೀರಿಂಗು ಅಷ್ಟೇ. ಡ್ರೈವರು ಬಿಸಿಲಿಗೆ ಗಾಳಿಗೆ ಬಾಯಿ ತೆರೆದುಕೊಂಡು, ಹಲಗೆಯ ಮೇಲೆ ಕೂತು ಓಡಿಸಿಕೊಂಡು ಬರುತ್ತಾನೆ. ಆ ಬೋಳು ಚಾಸಿಯ ಮೇಲೆ ಕಂಬ ನಿಲ್ಲಿಸಿ, ತಗಡು ಹೊದಿಸಿ, ಸೀಟು ಕೂರಿಸಿ, ಬಣ್ಣ ಹೊಡೆದು, ಜನ ಕೂರುವಂಥ ಬಸ್ಸು ಮಾಡಿ ಕಳಿಸುವವನು ತಮ್ಮ. "ಮಗಳೂ ಬಾಡಿ, ಮಗನೂ ಬಾಡಿ, ನಮ್ಮನೇಲಿ ಅದು ಬಿಟ್ರೆ ಬೇರೆ ಮಾತಿಲ್ಲ" ಎಂದು ಅಪ್ಪ ನಗುತ್ತಿದ್ದ. ಶೆಡ್ಡಿಗೆ 'ಬಾಡಿ ಬಿಲ್ಡರ್ಸ್' ಎಂದು ದೊಡ್ಡ ಬೋರ್ಡು ಹಾಕಿಸಿದ ವರ್ಷ ಬಡಕಲು ಹುಡುಗರು ಒಬ್ಬೊಬ್ಬರೇ ಬಂದು, ಅಂಗಿ ತೋಳು ಮಡಿಚಿ ತೋರಿಸಿ, ತಿಂಗಳಿಗೆ ಫೀಸೆಷ್ಟು ಎಂದು ಕೇಳತೊಡಗಿದರು. ತಮ್ಮ ಒಬ್ಬನನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಒಂದು ತಗಡಿನ ಹಾಳೆಯನ್ನು ಈ ಮೂಲೆಯಿಂದ ಆ ಮೂಲೆಗೆ ಹೊರಿಸಿ, "ನಾಳೆನೂ ಬಾ, ಫೀಸಿಲ್ಲ" ಅನ್ನುತ್ತಿದ್ದ. ಮಾರನೆಯ ದಿನ ಯಾರೂ ಬರುತ್ತಿರಲಿಲ್ಲ. ಅವನ ಮಗನೇ ಮುಂದೆ ನಿಜವಾದ ಜಿಮ್ಮಿಗೆ ಸೇರಿಕೊಂಡು, ಬಸ್ಸು ಕಟ್ಟುವುದು ಬಿಟ್ಟು, ಕನ್ನಡಿಯ ಮುಂದೆ ನಿಂತು ಬಾಡಿ ಮಾಡತೊಡಗಿದಾಗ ತಮ್ಮ, "ಅಕ್ಕಾ, ನಾನು ಕಟ್ಟಿದ್ದಕ್ಕೆ ಜನ ಕಾಸು ಕೊಟ್ಟು ಹತ್ತುತ್ತಾರೆ, ಇವನು ಕಟ್ಟಿದ್ದಕ್ಕೆ ಇವನೇ ಕಾಸು ಕೊಡಬೇಕು" ಎಂದಿದ್ದ. ಪ್ರಾರ್ಥನಾ ಮಂದಿರದ ಸಮಿತಿಯವರೂ ತಮ್ಮನ್ನು ತಾವು ಬಾಡಿ ಎಂದೇ ಕರೆದುಕೊಳ್ಳುತ್ತಾರೆ, "ಹಳೇ ಬಾಡಿ ಏನೂ ಮಾಡ್ಲಿಲ್ಲ, ಹೊಸ ಬಾಡಿ ನೋಡೋಣ" ಎಂದು ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. ಜ್ವರ ಬಂದರೆ ಬಾಡಿ ಪೇಯ್ನು, ಬೇಸಿಗೆ ಬಂದರೆ ಬಾಡಿ ಹೀಟು, ಚಳಿ ಬಂದರೆ ಹಚ್ಚಿಕೊಳ್ಳುವ ಬಾಡಿ ಲೋಷನ್ನಿನ ಬಾಟಲಿ ಅವಳ ಕಪಾಟಿನಲ್ಲೂ ಒಂದಿದೆ. ಇಷ್ಟು ಕಡೆ ತಿರುಗಾಡಿ, ಯಾರ ತಂಟೆಗೂ ಹೋಗದೆ, ಒಳ್ಳೆಯ ನೆಂಟನ ಹಾಗೆ ಮನೆಯೊಳಗೆ ಓಡಾಡಿಕೊಂಡಿದ್ದ ಮಾತು ಇವತ್ತು ಯಾಕೆ ಹೀಗೆ ಮೈಮೇಲೆ ಬಿತ್ತು?

ಅದಕ್ಕೆ ಬದಲು ಬೇರೆ ಮಾತು ಹುಡುಕೋಣ ಎಂದು ಹೊರಟಳು. ಹೆಣ ಎನ್ನುವುದು ಬೈಗುಳದಲ್ಲಿ ಬೆಳೆದ ಮಾತು. ಶವ ಎಂದರೆ ಮೂಗಿಗೆ ಔಷಧಿಯ ವಾಸನೆ ಬರುತ್ತದೆ. ಕಾಯ ಎಂದರೆ ಭಜನೆ ಹಾಡಬೇಕು. ಪತ್ರಿಕೆಯವರು ದೊಡ್ಡ ಮನುಷ್ಯರಿಗೆ ಹಾಕುವ ಮಾತು ನೆನಪಾಗಿ, ತಮ್ಮನ ಮಗನ ಕಿವಿಯಲ್ಲಿ, "ನೋಡು, ಯಾರಾದ್ರೂ ಕೇಳಿದ್ರೆ ಪಾರ್ಥಿವ ಶರೀರ ಅನ್ನು" ಎಂದಳು. ಅವನು ಆಗಲೇ ಬಂದ ಫೋನಿಗೆ ವಿಧೇಯನಾಗಿ, "ಹೂಂ ಮಾವ, ಪಾರ್ತಿ... ಪಾತ್ರಿವ..." ಎಂದು ತಡವರಿಸಿ, ಅತ್ತೆಯ ಮುಖ ನೋಡಿ, "ಅಪ್ಪನ್ನ ಇನ್ನೂ ಕೊಟ್ಟಿಲ್ಲ ಮಾವ" ಅಂದುಬಿಟ್ಟ. ಅಂದವನೇ ಬಿಕ್ಕಿ ಬಿಕ್ಕಿ ಅಳತೊಡಗಿದ. ಆ ದಪ್ಪ ತೋಳುಗಳು ಅಲುಗಾಡುವುದನ್ನು ನೋಡುತ್ತ ಅಕ್ಕನಿಗೆ, ಇಷ್ಟು ದೊಡ್ಡದಾಗಿ ಕಟ್ಟಿದ್ದರೊಳಗೆ ಅಳು ಎಷ್ಟು ಸಣ್ಣ ದನಿಯಲ್ಲಿ ಬರುತ್ತದಲ್ಲ ಅನ್ನಿಸಿತು.

ತೊಂದರೆ ಶುರುವಾದದ್ದು ವ್ಯಾನಿನಿಂದ. ಆಸ್ಪತ್ರೆಯ ವ್ಯಾನು ಬೇರೆ ಊರಿಗೆ ಹೋಗಿದೆ, ಬರುವುದು ಸಂಜೆಯಾಗಬಹುದು, ಅಲ್ಲಿಯವರೆಗೆ ಕಾಯಿರಿ ಎಂದರು. ಕಾಯುವುದೆಂದರೆ ಅವನು ಆ ತಣ್ಣನೆಯ ಕೋಣೆಯಲ್ಲಿ, ಕಾಲಿಗೆ ಚೀಟಿ ಕಟ್ಟಿಸಿಕೊಂಡು ಮಲಗಿರುವುದು. ಅಷ್ಟರಲ್ಲಿ ಆಸ್ಪತ್ರೆಯ ಗೇಟಿನೊಳಗೆ ದೊಡ್ಡ ಹಾರ್ನು ಕೇಳಿಸಿತು. ಅಕ್ಕ ಕಿಟಕಿಯಿಂದ ನೋಡಿದರೆ ಹೊಚ್ಚ ಹೊಸ ಬಸ್ಸು. ಕನ್ನಡಿಯ ಹಾಗೆ ಹೊಳೆಯುವ ನೀಲಿ ಬಣ್ಣ. ಒಳಗಿನಿಂದ ಶೆಡ್ಡಿನವರು ಒಬ್ಬೊಬ್ಬರಾಗಿ ಇಳಿದರು, ಎಲ್ಲರೂ ಕೆಲಸದ ಬಟ್ಟೆಯಲ್ಲೇ. ಮುಂದೆ ಬಂದವರು ಇಬ್ಬರು: ಒಬ್ಬ ವೆಲ್ಡರು, ತಮ್ಮನ ವಯಸ್ಸಿನವನೇ, ಜೀವಮಾನವೆಲ್ಲ ಸುತ್ತಿಗೆಯ ಸದ್ದಿನಲ್ಲಿ ಕಳೆದು ಕಿವಿ ಮುಕ್ಕಾಲು ಹೋದವನು, ಇನ್ನೊಬ್ಬ ಪೇಂಟರು, ಅವನ ಕಿವಿಯೂ ಬಾಯಿಯೂ ಎರಡೂ ತಾನೇ ಆಗಿರುವವನು.

"ಅಕ್ಕಾ, ಮೇಸ್ತ್ರಿನ ನಾವು ಕರ್ಕೊಂಡ್ಹೋಗ್ತೀವಿ" ಎಂದು ಪೇಂಟರು ಕೈ ಮುಗಿದ.

"ಇದರಲ್ಲಾ?"

"ಟ್ರಯಲ್ ಒಂದು ಬಾಕಿ ಇದೆ ಅಕ್ಕಾ. ಮೇಸ್ತ್ರಿ ಹುಷಾರಾಗಿ ಬರ್ಲಿ ಅಂತ ನಿಲ್ಸಿದ್ವಿ. ಮೇಸ್ತ್ರಿ ಕೂರದೆ ಯಾವ ಬಾಡಿನೂ ಶೆಡ್ಡಿನಿಂದ ಆಚೆ ಹೋಗಿಲ್ಲ. ಇದು ಮೇಸ್ತ್ರಿ ಕಟ್ಟಿದ ಕೊನೇ ಬಾಡಿ."

ಅಕ್ಕನಿಗೆ ಆ ಟ್ರಯಲ್ಲಿನ ಸಂಗತಿ ಗೊತ್ತಿತ್ತು. ಬಸ್ಸು ಪೂರ್ತಿಯಾದ ದಿನ ಅದನ್ನು ಕಟ್ಟಿದವರೆಲ್ಲ ಅದರಲ್ಲಿ ಕೂರುತ್ತಾರೆ. ತಮ್ಮ ಕಟ್ಟಕಡೆಯ ಉದ್ದನೆಯ ಸೀಟಿನಲ್ಲಿ, ಕಣ್ಣು ಮುಚ್ಚಿ. ಊರ ಸುತ್ತಿನ ಕೆಟ್ಟ ರಸ್ತೆಯನ್ನೇ ಹುಡುಕಿ ಬಸ್ಸು ಓಡಿಸುತ್ತಾರೆ. ಯಾರೂ ಮಾತಾಡುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಎಲ್ಲೋ ಒಂದು ರಿವೆಟ್ಟು, ಒಂದು ಕಿಟಕಿಯ ಗಾಜು, ಒಂದು ವಾಷರು ಸದ್ದು ಮಾಡಿತೋ, ತಮ್ಮ ಕಣ್ಣು ತೆರೆಯದೆ ಬೆರಳೆತ್ತುತ್ತಾನೆ. ಬಸ್ಸು ನಿಲ್ಲಬೇಕು. ಎಲ್ಲರೂ ಎದ್ದು ಹುಡುಕಬೇಕು. ಸಿಕ್ಕ ಮೇಲೆ ಮತ್ತೆ ಹೊರಡಬೇಕು. ಎಲ್ಲ ಸುಮ್ಮನಾದ ಮೇಲೆ ಅವನು ಪಕ್ಕದ ತಗಡನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾನೆ, ಕರು ಹಾಕಿದ ಹಸುವಿನ ಬೆನ್ನು ತಟ್ಟುವ ಹಾಗೆ. ಆಮೇಲೇ ಮಾಲೀಕನಿಗೆ ಕೀ.

"ನನ್ನ ತಮ್ಮನೇನು ಮರಳಿನ ಮೂಟೆನೇನ್ರೋ, ಹಾಕ್ಕೊಂಡು ಟ್ರಯಲ್ ನೋಡೋಕೆ?" ಎಂದಳು ಅಕ್ಕ. ದನಿ ಪಡಸಾಲೆಯ ಆ ತುದಿಗೂ ಕೇಳಿಸಿತು. ವೆಲ್ಡರಿಗೆ ಮಾತ್ರ ಕೇಳಿಸಲಿಲ್ಲ; ಅವನು, "ಹೂಂ ಅಕ್ಕಾ, ಮೇಸ್ತ್ರಿಗೂ ಅದೇ ಇಷ್ಟ" ಅಂದ.

ಪೇಂಟರು ಅಷ್ಟರಲ್ಲಿ ಬಸ್ಸಿನ ಮಾಲೀಕನಿಗೆ ಫೋನು ಹಚ್ಚಿದ್ದ. ಆ ಕಡೆಯ ದನಿ ಎಲ್ಲರಿಗೂ ಕೇಳಿಸುವಷ್ಟು ಏರಿತ್ತು: "ಏನಯ್ಯಾ ನೀನು ಹೇಳ್ತಿರೋದು? ನನ್ನ ಹೊಸಾ ಬಾಡಿಯೊಳಗೆ ಬಾಡಿ ಹಾಕ್ತೀರಾ?" ಆಮೇಲೆ ಮೂಗು ಎಳೆದುಕೊಂಡ ಸದ್ದು. "ನಮ್ಮಪ್ಪನ ಕಾಲದ ಬಸ್ಸು ಕಟ್ಟಿದ್ದೂ ಮೇಸ್ತ್ರಿನೇ ಅಲ್ವೇನಯ್ಯಾ... ಆಯ್ತು, ಹೋಗಿ. ಸೀಟಿನ ಪ್ಲಾಸ್ಟಿಕ್ ಮಾತ್ರ ಕೀಳಬೇಡಿ."

ತಮ್ಮನ ಹೆಂಡತಿ ಬೆಳಗಿನಿಂದ ಮೊದಲ ಸಲ ಬಾಯಿ ತೆರೆದಳು. "ಅಕ್ಕಾ, ಆ ವ್ಯಾನಿನಲ್ಲಿ ಅವರಿಗೆ ಸರಿಹೋಗಲ್ಲ. ಬಾಗಿಲು ಢಬಢಬ ಅನ್ನುತ್ತೆ. ರಾತ್ರಿ ಮಗ್ಗುಲು ತಿರುಗಿದ್ರೆ ನನ್ನ ಬಳೆ ಸದ್ದಿಗೂ ಬೆರಳೆತ್ತೋ ಮನುಷ್ಯ." ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಗು ಬಂದುಬಿಟ್ಟಿತು. ಚಪ್ಪಲಿಯನ್ನು ಎದೆಗೆ ಒತ್ತಿಕೊಂಡು, ಹಲ್ಲು ಕಚ್ಚಿ, ಭುಜ ಕುಣಿಸುತ್ತ ಅವಳು ನಕ್ಕಳು. ದೂರದಿಂದ ನೋಡಿದವರು ಪಾಪ ಎಷ್ಟು ಅಳುತ್ತಿದ್ದಾಳೆ ಅಂದುಕೊಂಡರು. ಅಕ್ಕ ಎದ್ದು ನಿಂತು ಪೇಂಟರಿಗೆ ಹೂಂ ಎಂದು ತಲೆಯಾಡಿಸಿದಳು.

ನಾಲ್ಕು ಜನ ಸೇರಿ ಆಸ್ಪತ್ರೆಯ ಸ್ಟ್ರೆಚರಿನ ಸಮೇತ ಅವನನ್ನು ಎತ್ತಿದರು. ಅಷ್ಟು ದಪ್ಪ ತೋಳಿನ ಮಗನ ಮೂಲೆಯೇ ಇಳಿಯಿತು. ಅರ್ಧ ಆಳಿನಷ್ಟಿರುವ ಪೇಂಟರು ತನ್ನ ಭುಜ ಕೊಟ್ಟು ಸರಿ ಮಾಡಿದ. "ಬಾಡಿ ಸ್ವಲ್ಪ ಎಡಕ್ಕೆ, ಎಡಕ್ಕೆ, ಬಾಡಿ ಉಜ್ಜುತ್ತೆ" ಎಂದು ವೆಲ್ಡರು ಕೂಗುತ್ತಿದ್ದ. ಯಾವುದನ್ನು ಅನ್ನುತ್ತಿದ್ದಾನೆ, ಯಾವುದಕ್ಕೆ ಉಜ್ಜುತ್ತದೆ ಎಂದು ಕೇಳುವ ಶಕ್ತಿ ಅಕ್ಕನಿಗೆ ಇರಲಿಲ್ಲ. ಕೊನೆಯ ಸಾಲಿನ ಉದ್ದ ಸೀಟಿನ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ, ತಮ್ಮ ಸರಿಯಾಗಿ ಹಿಡಿಸಿದ, ಅಳತೆ ತೆಗೆದು ಕಟ್ಟಿದ ಹಾಗೆ. ಅಕ್ಕ ಅವನ ತಲೆಯ ಬಳಿಯ ಸೀಟಿನಲ್ಲಿ ಕೂತಳು. ಹೊಸ ಬಣ್ಣದ, ಹೊಸ ರೆಕ್ಸಿನ್ನಿನ ವಾಸನೆ. ಅದು ಅವನು ಮನೆಗೆ ಬಂದಾಗಲೆಲ್ಲ ಅವನ ಅಂಗಿಯಿಂದ ಬರುತ್ತಿದ್ದ ವಾಸನೆಯೇ ಆದ್ದರಿಂದ, ಒಂದು ಗಳಿಗೆ, ಅವನು ಎದ್ದು ಕೂತು, "ಅಕ್ಕಾ, ಕಾಫಿ ಇದೆಯಾ" ಎಂದರೆ ಆಶ್ಚರ್ಯವಾಗುತ್ತಿರಲಿಲ್ಲ.

ಬಸ್ಸು ಹೊರಟಿತು. ಯಾರೂ ಮಾತಾಡಲಿಲ್ಲ. ದುಃಖದ ಮೌನವೋ ಟ್ರಯಲ್ಲಿನ ಮೌನವೋ ಹೇಳುವುದು ಕಷ್ಟವಾಗಿತ್ತು. ಶೆಡ್ಡಿನವರು ಕಣ್ಣು ಮುಚ್ಚಿದ್ದರು, ಕುತ್ತಿಗೆ ಒಂದು ಪಕ್ಕಕ್ಕೆ ವಾಲಿತ್ತು. ಅಕ್ಕ ದೇವರ ನಾಮ ಹೇಳಿಕೊಳ್ಳತೊಡಗಿದಳು. ಡಾಂಬರು ಮುಗಿದು ಕಚ್ಚಾ ರಸ್ತೆ ಬಂತು. ಟಿಕ್. ಅವಳು ಇನ್ನೊಂದು ನಾಮ ಹೇಳಿದಳು. ಟಿಕ್ ಟಿಕ್. ಎಲ್ಲೋ ಹತ್ತಿರದಲ್ಲೇ, ಅವನ ತಲೆಯ ಕಡೆಯೇ. ಮುಂದಿನ ಸಾಲಿನಲ್ಲಿ ಪೇಂಟರಿನ ಬೆನ್ನು ಬಿಗಿಯಾದದ್ದು ಕಂಡಿತು. ಅವನು ಪಕ್ಕದವನನ್ನು ನೋಡಿದ, ಪಕ್ಕದವನು ಕಿಟಕಿಯಾಚೆ ನೋಡಿದ. ಎಲ್ಲರಿಗೂ ಕೇಳಿಸಿದೆ, ಎಲ್ಲರೂ ಕೇಳಿಸಿಲ್ಲದವರ ಹಾಗೆ ಕೂತಿದ್ದಾರೆ. ವೆಲ್ಡರು ಒಬ್ಬನೇ ನಿಜವಾಗಿ ನೆಮ್ಮದಿಯಿಂದಿದ್ದ. ಕಣ್ಣೀರು ಒರೆಸಿಕೊಂಡು, "ನೋಡಿ, ಎಷ್ಟು ಸೈಲೆಂಟಾಗಿದೆ ಮೇಸ್ತ್ರಿ ಬಾಡಿ" ಎಂದು ಗಟ್ಟಿಯಾಗಿ ಹೇಳಿದ. ತಮ್ಮನ ಹೆಂಡತಿ ಮುಂದಿನಿಂದ ತಿರುಗಿ, "ನಿಮಗೂ ಕೇಳಿಸ್ತಿದೆಯಾ ಅಕ್ಕಾ?" ಅಂದಳು. "ಏನು?" "ಏನೂ ಇಲ್ಲ."

ಟಿಕ್ ಟಿಕ್ ಟಿಕ್. ದೇವರ ಒಂದೊಂದು ನಾಮದ ನಡುವೆಯೂ ಅದು ಬಂದು ಕೂರುತ್ತಿತ್ತು. ಅವಳ ನೆನಪಿನಲ್ಲಿ ಗಡಗಡ ಎಂದಿತು ದೇವರ ಗೂಡಿನ ಗಾಜು. "ಇದನ್ನ ಹೆಂಗೆ ಸಹಿಸ್ತೀಯ ಅಕ್ಕಾ?" ಅವನು ಕಾಯಿಲೆ ಬೀಳುವ ಮೊದಲು ಕೊನೆಯ ಸಲ ಮನೆಗೆ ಬಂದಿದ್ದಾಗ, ಕಾಫಿ ಕುಡಿಯುತ್ತಿದ್ದವನು ಬೀದಿಯಲ್ಲಿ ಲಾರಿ ಹೋದದ್ದೇ ತಡ ಬೆರಳೆತ್ತಿ, ಲೋಟ ಕೆಳಗಿಟ್ಟು, ಎದ್ದು ಗೂಡಿನ ಕಡೆ ನಡೆದ. ಜೇಬಿನಿಂದ ಕಪ್ಪು ರಬ್ಬರಿನ ಒಂದು ಪಟ್ಟಿ ತೆಗೆದ. ಬಸ್ಸಿನ ಕಿಟಕಿ ಗಾಜಿಗೆ ಹಾಕುವ ಬೀಡಿಂಗಿನ ತುಂಡು. ಬೇರೆಯವರ ಜೇಬಿನಲ್ಲಿ ಚಿಲ್ಲರೆ ಇರುವ ಹಾಗೆ ಅವನ ಜೇಬಿನಲ್ಲಿ ಅದು ಸದಾ ಇರುತ್ತಿತ್ತು. "ಏಯ್, ಆ ಗ್ರೀಸು ಕೈಯಲ್ಲಿ ಮುಟ್ಟಬೇಡ! ದೇವರ ಗೂಡು ಅದು, ನಿನ್ನ ಬಸ್ಸಿನ ಬಾಡಿ ಅಲ್ಲ." "ಕೈ ತೊಳ್ಕೊಂಡೇ ಹಾಕ್ತೀನಕ್ಕಾ." "ನಿನ್ನ ಕೈ ತೊಳೆದ್ರೆ ಹೋಗುತ್ತಾ? ಸುಮ್ನೆ ಕೂತ್ಕೋ." ಅವನು ತನ್ನ ಎರಡೂ ಕೈಯನ್ನು ತಿರುಗಿಸಿ ನೋಡಿಕೊಂಡ. "ದೇವರಿಗೂ ತಲೆನೋವು ಬರುತ್ತೆ ನೋಡು" ಎಂದು ನಕ್ಕು, ರಬ್ಬರನ್ನು ಮೇಜಿನ ಮೇಲಿಟ್ಟು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೋದ. ಕಾಫಿ ಅರ್ಧಕ್ಕೆ ಬಿಡುವವನಲ್ಲ ಅವನು. ಆ ರಬ್ಬರನ್ನು ಅವಳು ಮಾಡಿದ್ದೇನು? ಕುಂಟುತ್ತಿದ್ದ ಹೊಲಿಗೆ ಯಂತ್ರದ ಕಾಲಿನ ಕೆಳಗೆ ಕೊಟ್ಟಳು. ಸರಿಹೋಯಿತು. ಫೋನಿನಲ್ಲಿ ಅವನಿಗೆ ಹೇಳಬಹುದಿತ್ತು, ಹೇಳಲಿಲ್ಲ. ಬೆಳಿಗ್ಗೆ ಸಂಜೆ ದೇವರ ಮುಂದೆ ಕೂತಾಗ ಗಾಜು ಸದ್ದು ಮಾಡುತ್ತಿತ್ತು, ಅವಳು ಅಂಗೈ ಒತ್ತುತ್ತಿದ್ದಳು, ಯಂತ್ರ ಮಾತ್ರ ಅಲುಗದೆ ನಿಂತಿತ್ತು.

ಟಿಕ್ ಟಿಕ್. ತಮ್ಮನ ಮುಖ ನೋಡಿದಳು. ಬಟ್ಟೆಯ ಮಡಿಕೆಯಿಂದ ಹಣೆ ಮಾತ್ರ ಕಾಣುತ್ತಿತ್ತು, ಗಂಟಿಕ್ಕಿದ ಹಾಗೆ. ಅದು ಹುಟ್ಟಿದಾಗಿನಿಂದ ಹಾಗೆಯೇ ಇರುವ ಹಣೆ ಎಂಬುದು ಅವಳಿಗೆ ಗೊತ್ತಿತ್ತು; ಗೊತ್ತಿದ್ದೂ ಅವಳಿಗೆ ತಡೆಯಲಾಗಲಿಲ್ಲ. ಅವಳು ಬೆರಳೆತ್ತಿದಳು.

ಡ್ರೈವರು ಕನ್ನಡಿಯಲ್ಲಿ ಅದನ್ನೇ ಕಾಯುತ್ತಿದ್ದನೋ ಏನೋ, ಬ್ರೇಕು ಬಿತ್ತು. ಮರುಕ್ಷಣ ಬಸ್ಸಿನ ತುಂಬ ಮಂಡಿಯೂರಿದ ಮನುಷ್ಯರು. ಒಬ್ಬ ಸೀಟಿನ ಕೆಳಗೆ ತೂರಿದ, ಒಬ್ಬ ಮೇಲಿನ ತಗಡನ್ನು ಅಂಗೈಯಿಂದ ಸವರಿದ, ಒಬ್ಬ ಕಿಟಕಿಗಳನ್ನು ಅಲುಗಾಡಿಸಿದ. ಬೆಳಗಿನಿಂದ ಏನು ಮಾಡಬೇಕೆಂದು ತಿಳಿಯದೆ ಜೋತುಬಿದ್ದಿದ್ದ ಕೈಗಳಿಗೆ ಕೆಲಸ ಸಿಕ್ಕಿತ್ತು. ಮೇಸ್ತ್ರಿಯ ಮಗನೂ ಒಂದು ಸ್ಪ್ಯಾನರು ಕಿತ್ತುಕೊಂಡು ಬೋಲ್ಟುಗಳ ಮೇಲೆ ಬಿದ್ದ. "ನಿಂದು ರಿವೆಟ್ಟು ಸರಿ ಇಲ್ಲ" ಎಂದು ಶೆಡ್ಡಿನವನೊಬ್ಬ ಇನ್ನೊಬ್ಬನಿಗೆ ಅಂದ. "ನನ್ನ ರಿವೆಟ್ಟು ನಿನ್ನ ಅಪ್ಪನಿಗಿಂತ ಗಟ್ಟಿ." "ಶ್! ಮೇಸ್ತ್ರಿ ಇದ್ದಾರೆ!" ಎಲ್ಲರೂ ಪಿಸುಮಾತಿನಲ್ಲಿ ಜಗಳ ಮುಂದುವರಿಸಿದರು. ವೆಲ್ಡರಿಗೆ ಏನಾಗುತ್ತಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನು ತನ್ನ ಹಲ್ಲಿನಿಂದ ಕಂಬ ಕಚ್ಚಿ ಹಿಡಿದು, ಡ್ರೈವರಿಗೆ ಎಂಜಿನ್ನು ಏರಿಸು ಎಂದು ಕೈ ಮಾಡಿ, ಅದುರುವುದನ್ನು ಹಲ್ಲಿನಲ್ಲೇ ಕೇಳತೊಡಗಿದ.

ರಸ್ತೆ ಸಣ್ಣದು. ಹಿಂದೆ ಗಾಡಿಗಳು ನಿಂತು ಹಾರ್ನು ಹೊಡೆಯತೊಡಗಿದವು. ಟ್ರಾಫಿಕ್ ಪೊಲೀಸನೊಬ್ಬ ಬಂದು ಮೆಟ್ಟಿಲ ಮೇಲೆ ಕಾಲಿಟ್ಟ.

"ಏನ್ರೀ ಇದು? ನಡು ರಸ್ತೇಲಿ ಏನು ನಡೀತಿದೆ?"

ಸೀಟಿನ ಕೆಳಗಿನಿಂದ ಪೇಂಟರು ತಲೆ ಹೊರಗೆ ಹಾಕಿದ. "ಒಂದೈದು ನಿಮಿಷ ಸಾರ್. ಬಾಡಿ ಸದ್ದು ಮಾಡ್ತಿದೆ."

ಪೊಲೀಸನ ಕಣ್ಣು ಕೊನೆಯ ಸಾಲಿಗೆ ಹೋಯಿತು. ಬಿಳಿ ಬಟ್ಟೆ, ಕಾಲ ಹೆಬ್ಬೆರಳು. ಅವನು ಮೆಟ್ಟಿಲಿನಿಂದ ಕಾಲು ತೆಗೆದು, ಟೋಪಿಯನ್ನೂ ತೆಗೆದ. "ಜೀವ... ಇದೆಯೇನ್ರೀ?"

ಅಳು ಬಂತೆಂದುಕೊಂಡು ಅಕ್ಕ ಬಾಯಿಗೆ ಬಟ್ಟೆ ಒತ್ತಿಕೊಂಡಳು; ಬಂದದ್ದು ನಗು. ತಮ್ಮನ ಹೆಂಡತಿ ಮುಂದೆ ಆಗಲೇ ಭುಜ ಕುಣಿಸುತ್ತಿದ್ದಳು. ಅವನಿರಬೇಕಿತ್ತು, ಈಗ ಅವನಿರಬೇಕಿತ್ತು, ವರ್ಷವಿಡೀ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದ, ಮನೆಗೆ ಬಂದು ಪೊಲೀಸನ ಹಾಗೆ ಟೋಪಿ ತೆಗೆದು ತೋರಿಸುತ್ತಿದ್ದ. ಇಲ್ಲವಲ್ಲ ಎಂಬುದು ಬೆಳಗಿನಿಂದ ಮೊದಲ ಸಲ ನಿಜವಾಯಿತು, ನಗುವಿನ ನಟ್ಟನಡುವೆ. ನಗುತ್ತಿದ್ದ ಬಾಯಲ್ಲೇ ಅವಳು ಅತ್ತಳು, ಚಿಕ್ಕವಳಂತೆ, ಮೂಗು ಸುರಿಸಿಕೊಂಡು.

"ಯಾರಮ್ಮಾ ನೀವೆಲ್ಲ?" ಎಂದ ಪೊಲೀಸ, ದನಿ ತಗ್ಗಿಸಿ.

ಪೇಂಟರು ಅಕ್ಕನ ಮುಖ ನೋಡಿದ. ಬಸ್ಸೆಲ್ಲ ಅವಳ ಮುಖ ನೋಡಿತು. ಎಲ್ಲರ ಮೊಣಕಾಲಿಗೆ ಧೂಳು, ಕೈಗೆ ಗ್ರೀಸು. ಅಕ್ಕ ಮೂಗು ಒರೆಸಿಕೊಂಡಳು.

"ಬಾಡಿ ಕಡೆಯವರಪ್ಪ" ಅಂದಳು.

ಪೊಲೀಸ ಹಿಂದೆ ಹೋಗಿ ಗಾಡಿಗಳನ್ನು ಪಕ್ಕದ ರಸ್ತೆಗೆ ತಿರುಗಿಸತೊಡಗಿದ.

ಸಿಕ್ಕಿತು. ಕಂಡುಹಿಡಿದವನು ಮಗ. ರಿವೆಟ್ಟಲ್ಲ, ವಾಷರಲ್ಲ, ಬಸ್ಸಿನದೇ ಅಲ್ಲ. ಆಸ್ಪತ್ರೆಯ ಸ್ಟ್ರೆಚರಿನ ಬೆಲ್ಟೊಂದು ಬಿಚ್ಚಿಕೊಂಡು, ಅದರ ಕಬ್ಬಿಣದ ಬಕಲ್ಲು ಸೀಟಿನ ಕಾಲಿಗೆ ತಾಗುತ್ತಿತ್ತು. "ನಮ್ಮದಲ್ಲ!" ಎಂದು ಪೇಂಟರು ಕೂಗಿದ. "ನಮ್ಮ ಬಾಡಿದಲ್ಲ, ಆಸ್ಪತ್ರೆದು!" ವೆಲ್ಡರಿನ ಕಿವಿಗೆ ಬಾಯಿಟ್ಟು ಅದನ್ನು ಹೇಳಿದರು. ಅವನು ಬಕಲ್ಲನ್ನೂ ಮೇಸ್ತ್ರಿಯನ್ನೂ ನೋಡಿ, ಸೀಟಿನ ಪ್ಲಾಸ್ಟಿಕ್ಕಿನ ಮೇಲೆ ಹಣೆಯಿಟ್ಟು ಅತ್ತ. ಮಗ ಬೆಲ್ಟನ್ನು ಕಟ್ಟಲು ಹೋದ. "ಬೇಡ, ಬಿಡು" ಎಂದು ಅಕ್ಕ ಬಕಲ್ಲನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಳು. ಬಸ್ಸು ಮತ್ತೆ ಹೊರಟಿತು. ಹಳ್ಳ ಬಂತು, ದಿಣ್ಣೆ ಬಂತು, ಕಲ್ಲು ಬಂತು. ಎಲ್ಲೂ ಏನೂ ಸದ್ದಿಲ್ಲ. ಅಷ್ಟು ದೊಡ್ಡ ಬಸ್ಸು ಕೈಮಗ್ಗದ ಬಟ್ಟೆಯ ಹಾಗೆ ಸುಮ್ಮನೆ ಸಾಗಿತು. ಶೆಡ್ಡಿನವರು ಹಿಂದಕ್ಕೆ ನೋಡಲಿಲ್ಲ, ಆದರೆ ಕಾಯುತ್ತಿದ್ದಾರೆ ಎಂಬುದು ಅವರ ಕುತ್ತಿಗೆಯಿಂದಲೇ ತಿಳಿಯುತ್ತಿತ್ತು. ಅಕ್ಕ ಇನ್ನೊಂದು ಕೈಯ ಬೆರಳಿನ ಗೆಣ್ಣಿನಿಂದ ಪಕ್ಕದ ತಗಡನ್ನು ಎರಡು ಸಲ ತಟ್ಟಿದಳು.

ಮಣ್ಣು ಮಾಡುವಲ್ಲಿ ಯಾರೋ, "ಬಾಡಿ ಇಳಿಸಿ" ಅಂದರು. ಅಕ್ಕ ತಿದ್ದಲಿಲ್ಲ. "ನಿಧಾನಕ್ಕೆ ಇಳಿಸ್ರಪ್ಪಾ, ಅವನ ಕೈಯಲ್ಲಿ ಕೆಲಸ ಕಲಿತವರು ನೀವು" ಎಂದಷ್ಟೇ ಹೇಳಿದಳು. ನಿಧಾನಕ್ಕೇ ಇಳಿಸಿದರು, ಎಲ್ಲೂ ತಾಗಲಿಲ್ಲ.

ಸಂಜೆ ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ಕೂದಲಿನಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತು, ಅದರ ಕಾಲೆತ್ತಿ ರಬ್ಬರಿನ ಪಟ್ಟಿ ತೆಗೆದಳು. ಯಂತ್ರ ಒಂದು ಪಕ್ಕಕ್ಕೆ ವಾಲಿತು, ವಾಲಲಿ. ರಬ್ಬರಿನ ಮೇಲೆ ಅವನ ಹೆಬ್ಬೆಟ್ಟಿನ ಗ್ರೀಸು ಇನ್ನೂ ಇತ್ತು. ಒರೆಸಲು ಬಟ್ಟೆ ತೆಗೆದುಕೊಂಡವಳು ಒರೆಸದೆ ಹಾಗೆಯೇ ಗೂಡಿನ ಬಾಗಿಲ ಸಂದಿಗೆ ತುರುಕಿದಳು. ಮೊದಲು ತಲೆಕೆಳಗಾಗಿ ಕೂತಿತು. ಬೈದುಕೊಂಡು ಕಿತ್ತು, ಮತ್ತೆ ಹಾಕಿದಳು. ದೀಪ ಹಚ್ಚಿ ಕೂತು ಲಾರಿಗೆ ಕಾದಳು. ದಿನವೂ ಬೇಡವೆಂದರೂ ಸಾಲುಗಟ್ಟಿ ಹೋಗುವ ಲಾರಿಗಳು ಇವತ್ತು ಎಲ್ಲಿ ಸತ್ತವೋ, ಒಂದೂ ಇಲ್ಲ. ಒಂದು ಸೈಕಲ್ಲು ಹೋಯಿತು. ಕಾರೊಂದು ಹೋಯಿತು. ಆಮೇಲೆ ದೂರದಿಂದ, ಭಾರ ಹೊತ್ತು ಏದುಸಿರು ಬಿಡುತ್ತ ಒಂದು ಲಾರಿ ಬಂತು. ನೆಲ ಅದುರಿತು, ಲೋಟ ಅದುರಿತು, ದೀಪದ ಕುಡಿ ಅದುರಿತು. ಅವಳ ಅಂಗೈ ಅಭ್ಯಾಸದಂತೆ ಮೇಲೆದ್ದು, ಗಾಳಿಯಲ್ಲೇ ನಿಂತಿತು. ಗಾಜು ಸುಮ್ಮನಿತ್ತು.

ಎತ್ತಿದ ಆ ಕೈಗೆ ಇನ್ನೊಂದು ಕೈ ಸೇರಿಸಿದಳು. ದೇವರೇ, ಬೆಳಿಗ್ಗೆ ಬಾಯಿಗೆ ಬಾರದೆ ಹೋದದ್ದನ್ನು ಈಗ ಹೇಳುತ್ತೇನೆ. ನನ್ನ ತಮ್ಮ ನಿನ್ನ ಹತ್ತಿರ ಬಂದಿದ್ದಾನೆ. ಮೈ ಇಲ್ಲೇ ಮಣ್ಣಿನಲ್ಲಿ ಬಿಟ್ಟು ಬಂದಿದ್ದಾನೆ, ಕಿವಿ ಮಾತ್ರ ತಂದಿರುತ್ತಾನೆ, ನನಗೆ ಗೊತ್ತು. ಅವನ ಕೈ ನೋಡಿ ಬಾಗಿಲಲ್ಲಿ ನಿಲ್ಲಿಸಬೇಡ. ಅದು ತೊಳೆದರೆ ಹೋಗುವಂಥದ್ದಲ್ಲ. ಮುಂದಿನ ಸಾಲು ಬೇಡ, ಕೊನೆಯ ಸಾಲಿನಲ್ಲಿ ಕೂರಿಸು, ಅವನಿಗೆ ಅದೇ ಹಿತ. ನಿನ್ನ ಲೋಕದಲ್ಲೂ ಎಲ್ಲಾದರೂ ಏನಾದರೂ ಅಲುಗಾಡಿ ಅವನು ಬೆರಳೆತ್ತಿದರೆ ಸಿಟ್ಟಾಗಬೇಡ, ಸರಿಮಾಡಲು ಬಿಡು. ನಾನು ಬಿಡಲಿಲ್ಲ, ನೀನು ಬಿಡು. ಆಮೇಲೆ ಎಲ್ಲವೂ ಸುಮ್ಮನಾಗಲಿ. ಸಣ್ಣದೊಂದು ಸದ್ದೂ ಇಲ್ಲದ ಜಾಗದಲ್ಲಿ, ಹಣೆಯ ಗಂಟು ಬಿಚ್ಚಿ, ಅವನು ಶಾಂತಿಯಿಂದ ಇರಲಿ.